ಇಂಜಿನ್ ಸದ್ದಿಲ್ಲದ ಫೋನು

ನನ್ನ ಮೊಮ್ಮಗಳು ಮಾತಾಡುತ್ತಾಳೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದನ್ನು ಬರೆಯುವಾಗ ಹೊಟ್ಟೆ ಉರಿದು, ಈ ಸಂತೋಷ ಎಲ್ಲೋ ಅಡಿಗೆ ಬಿದ್ದು ಹೋದೀತು. ಮೂರು ವರ್ಷ ನಾಲ್ಕು ತಿಂಗಳ ಹುಡುಗಿ. ಬೆಳಿಗ್ಗೆ ಎದ್ದವಳೇ ಕೋಳಿಯ ಸಂಗಡ ಮಾತಾಡುತ್ತಾಳೆ, ನೀರಿನ ಕೊಡಪಾನದ ಸಂಗಡ ಮಾತಾಡುತ್ತಾಳೆ, ಹಲ್ಲುಜ್ಜುವಾಗ ಬಾಯಿ ತುಂಬ ನೊರೆ ಇಟ್ಟುಕೊಂಡೂ ಮಾತಾಡುತ್ತಾಳೆ. "ಸಾಕೇ ಮಾರಾಯ್ತಿ, ಕಿವಿ ತೂತಾಯ್ತು" ಎಂದು ಅವಳ ಅಜ್ಜ ಹೇಳಿದರೆ ನಾನು ಅಡುಗೆ ಮನೆಯಿಂದಲೇ ಕೂಗುತ್ತೇನೆ, "ತೂತಾಗ್ಲಿ! ನಿಮ್ಮ ಕಿವಿಗೆ ಅದೇ ಆಗ್ಬೇಕು!"

ಯಾಕೆ ಹಾಗೆ ಕೂಗುತ್ತೇನೆ ಎಂಬುದು ಅವರಿಗೆ ಗೊತ್ತು.

ನಾನು ಕಲಿತದ್ದು ಮೂರನೇ ಇಯತ್ತೆಯವರೆಗೆ. ಆಮೇಲೆ ಅಕ್ಷರ ಮರೆಯದೇ ಉಳಿದದ್ದು ಮೀನು ಕಟ್ಟಿಕೊಡುವ ಪೇಪರಿನಿಂದ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದನ್ನೇ ಓದುತ್ತಿದ್ದೆ. ಅರ್ಧ ಸುದ್ದಿ ನನ್ನ ಕೈಯಲ್ಲಿ, ಉಳಿದರ್ಧ ಯಾರದೋ ಬಂಗಡೆಯ ಸಂಗಡ ಹೋಗಿರುತ್ತಿತ್ತು. ಹಾಗೆ ಅರ್ಧ ಸುದ್ದಿಯಲ್ಲೇ ಬದುಕಿದವಳಿಗೆ ಮನೆಯಲ್ಲಿ ಅರ್ಧವೂ ಸಿಗದ ಮೂರು ತಿಂಗಳ ಕತೆ ಇದು.

ನಮ್ಮ ಮನೆ ಬೆಳಂಬಾರದ ದಂಡೆಯಲ್ಲಿ. ನಾನು ಮೀನು ಮಾರುವುದು ಅಂಕೋಲೆಯ ಪೇಟೆಯಲ್ಲಿ. ಮೂವತ್ತು ವರ್ಷದಿಂದ ಒಂದೇ ಜಾಗ, ಎಡಗಡೆಗೆ ಒಬ್ಬಳೇ ಗೆಳತಿ. ನನ್ನ ಮೆಟ್ಟುಗತ್ತಿ ಮೊಂಡಾದರೆ ಅವಳದ್ದು, ಅವಳ ಚಿಲ್ಲರೆ ಮುಗಿದರೆ ನನ್ನದು. ನನ್ನ ಬಸುರು ಬಾಣಂತನ ಎಲ್ಲ ಅವಳ ಕಣ್ಣೆದುರಿಗೇ ಆದದ್ದು. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಈಗಲೂ ಹಾಗೇ ಕರೆಯುತ್ತೇನೆ, ಆದರೆ ಬಾಯಿಯಿಂದ ಮಾತ್ರ.

ಮಗಳನ್ನು ಕಾರವಾರದ ಕಡೆಗೆ ಕೊಟ್ಟಿದ್ದೆವು. ಅಳಿಯ ಪರ್ಸಿನ್ ಬೋಟಿನಲ್ಲಿ, ದೊಡ್ಡ ಬಲೆ ಬಿಡುವ ಬೋಟಿನಲ್ಲಿ, ದುಡಿಯುವವ. ಮಗಳಿಗೆ ಅತ್ತೆ ಇರಲಿಲ್ಲ, ಅಳಿಯ ವಾರಗಟ್ಟಲೆ ನೀರಿನ ಮೇಲೆ. ಹಾಗಾಗಿ ಐದು ತಿಂಗಳಿಗೇ ಅವಳನ್ನು ನಮ್ಮಲ್ಲಿಗೆ ಕರೆತಂದೆ. ಮೇ ತಿಂಗಳು. ಜೂನ್ ಒಂದಕ್ಕೆ ಬೋಟು ಬಂದ್ ಆಗುತ್ತದೆ, ಎರಡು ತಿಂಗಳು ಯಾರೂ ಕಡಲಿಗೆ ಇಳಿಯುವ ಹಾಗಿಲ್ಲ. ಗಂಡ ಬರುವ ದಿನವನ್ನು ಮಗಳು ಬೆರಳಲ್ಲಿ ಎಣಿಸುತ್ತಿದ್ದಳು.

ಬೋಟು ಬಂದ್ ಆಗಲಿಕ್ಕೆ ಹದಿನೈದು ದಿನ ಇರುವಾಗ ಅಳಿಯನ ಫೋನು ನಿಂತಿತು. ಎಂಟು ದಿನ ಇಲ್ಲ. ನಾನು "ದೂರ ಹೋಗಿದ್ದಾರೆ, ರೇಂಜ್ ಸಿಗೂದಿಲ್ಲ" ಎಂದೆ. ಅದು ಸುಳ್ಳು ಅಂತ ಯಾವ ಮೀನುಗಾರರ ಹೆಂಡತಿಗೂ ಅನಿಸುವುದಿಲ್ಲ, ನಮ್ಮ ಬದುಕೆಲ್ಲ ರೇಂಜ್ ಸಿಗದಿರುವುದರಲ್ಲೇ ಹೋಗಿದೆ. ಒಂಬತ್ತನೇ ದಿನ ಫೋನು ಬಂತು. ಮಗಳು ಮಾತಾಡಿ ಇಟ್ಟವಳು ಫೋನನ್ನೇ ನೋಡುತ್ತ ಕೂತಳು.

"ಎಂತ ಹೇಳ್ದಾ?"

"ಆರಾಮಿದ್ದೇನೆ ಅಂದ್ರು. ಅವ್ವಿ, ಇಂಜಿನ್ ಸದ್ದು ಇರಲಿಲ್ಲ."

"ಬೋಟು ದಡ ಹತ್ತಿ ದಕ್ಕೇಲಿ ನಿಂತಿರ್ಬೇಕು."

"ದಕ್ಕೇಲಿದ್ರೆ ಜನರ ಗಲಾಟೆ ಇರ್ತಿತ್ತಲೇ. ಕಿರಕ್ ಕಿರಕ್ ಅಂತ ಫ್ಯಾನ್ ತಿರುಗ್ತಿತ್ತು. ಬೋಟಲ್ಲಿ ಫ್ಯಾನ್ ಎಲ್ಲಿಂದ ಬಂತು?"

ನಾನು ನಕ್ಕುಬಿಟ್ಟೆ. "ಬಸುರಿಗೆ ಕಿವಿ ನಾಲ್ಕು" ಎಂದೆ. ಅವಳು ನಗಲಿಲ್ಲ.

ಜೂನ್ ಬಂತು, ಬೋಟುಗಳೆಲ್ಲ ದಡ ಹತ್ತಿದವು, ಅಳಿಯ ಬರಲಿಲ್ಲ. ನಮ್ಮನೆಯವರು ಹೇಳಿದರು, ಬೋಟಿನ ಧಣಿ ಅವನನ್ನು ರತ್ನಾಗಿರಿಗೆ ಕಳಿಸಿದ್ದಾನೆ, ಬಲೆ ಕಟ್ಟುವ ಕೆಲಸ, ಮಳೆಗಾಲ ಪೂರ್ತಿ ಅಲ್ಲೇ ಇರಬೇಕು. ನನ್ನ ಮಗನೂ ಹೌದು ಹೌದು ಎಂದ. ಇಬ್ಬರು ಗಂಡಸರು ಒಂದೇ ಮಾತು ಹೇಳಿದರೆ ನಾನು ಮೂರನೇ ಸಲ ಕೇಳುವವಳಲ್ಲ. ಹೋಗಿ ಮಗಳಿಗೆ ಹೇಳಿದೆ. ಅವಳು ಕೇಳಿದ್ದಕ್ಕೆಲ್ಲ ನಾನೇ ನನ್ನ ಕಡೆಯಿಂದ ಉಪ್ಪು ಖಾರ ಸೇರಿಸಿ ಹೇಳಿದೆ. ರತ್ನಾಗಿರಿಯಲ್ಲಿ ಊಟ ಚಲೋ ಸಿಗುತ್ತದಂತೆ, ಕೋಣೆ ಕೊಟ್ಟಿದ್ದಾರಂತೆ, ಅದಕ್ಕೇ ಫ್ಯಾನಿನ ಸದ್ದು ಅಂತ. ಎಷ್ಟು ಚೆಂದ ಹೊಂದಿಸಿದೆ! ನನ್ನ ಬಾಯಿಂದ ನಾನೇ ಹೆಣೆದ ಬಲೆ ಅದು.

ಮಗಳು ಸೊರಗತೊಡಗಿದಳು. ಮೀನು ಮುಟ್ಟಲಿಲ್ಲ. ಗಂಜಿ ಎರಡು ತುತ್ತು ಉಂಡು ತಟ್ಟೆ ಸರಿಸುವಳು. "ವಿಡಿಯೋ ಮಾಡಿ ಅಂದ್ರೆ ನೆಟ್ ಇಲ್ಲ ಅಂತಾರೆ" ಅನ್ನುವಳು. "ಎದೆ ಹೊಡ್ಕತದೆ ಅವ್ವಿ, ಕೂತಲ್ಲಿ ಹೊಡ್ಕತದೆ" ಅನ್ನುವಳು. ಆಗ ನಾನು ಹೇಳಿದ ಮಾತು ಇವತ್ತಿಗೂ ನನ್ನ ನಾಲಿಗೆ ಮೇಲೆ ಮುಳ್ಳಿನ ಹಾಗೆ ನಿಂತಿದೆ.

"ಬಸುರಿ ಹೆಂಗ್ಸಿಗೆ ಸಂಶಯ ಒಳ್ಳೇದಲ್ಲ. ನಿನ್ನ ಈ ಸಂಶಯವೇ ಕೂಸಿಗೆ ತಾಗೂದು, ತಿಳ್ಕಾ."

ಪೇಟೆಯಲ್ಲಿ ಆ ದಿನಗಳಲ್ಲಿ ನನಗೆ ಒಂದು ವಿಚಿತ್ರ ಕಾಣುತ್ತಿತ್ತು. ನಾನು ಬುಟ್ಟಿ ಇಳಿಸುವ ಹೊತ್ತಿಗೆ ಮಾತು ನಿಲ್ಲುತ್ತಿತ್ತು. ಮೀನು ಪೇಟೆಯಲ್ಲಿ ಮಾತು ನಿಲ್ಲುವುದು ಅಂದರೆ ಕಡಲು ನಿಂತ ಹಾಗೆ. ಎಡಗಡೆಯ ಅಕ್ಕ ದಿನಾ ಏನಾದರೂ ಕೊಡುತ್ತಿದ್ದಳು, ಒಂದು ದಿನ ಹೊಳೆಯಲ್ಲಿ ಸಿಕ್ಕ ನಾಲ್ಕು ನೊಗ್ಲಿ ಮೀನು, ಒಂದು ದಿನ ಒಂದು ಮುಷ್ಟಿ ಶೆಟ್ಲಿ ಸಿಗಡಿ. "ಬಸುರಿಗೆ ಕೊಡೇ" ಎನ್ನುತ್ತಿದ್ದಳು. ನಾನು ಮಗಳ ಭಾಗ್ಯ ಅಂದುಕೊಂಡೆ. ಆ ಮೀನನ್ನು ಹುರಿದು, ಮಗಳು ಬಿಟ್ಟದ್ದನ್ನು ನಾನೇ ತಿಂದೆ.

ಏಳನೇ ತಿಂಗಳಿಗೆ ಹೂ ಮುಡಿಸಿದೆವು. ಹಸಿರು ಸೀರೆ, ಮೊಣಕೈವರೆಗೆ ಹಸಿರು ಬಳೆ, ಜಡೆ ತುಂಬ ಅಬ್ಬಲಿಗೆ. ಮಳೆ ಹೊಡೆಯುತ್ತಿತ್ತು, ಆದರೂ ಪೇಟೆಯ ಹೆಂಗಸರು ಹದಿನಾಲ್ಕು ಜನ ಟೆಂಪೋ ಮಾಡಿಕೊಂಡು ಬಂದರು. ನನ್ನ ಸಂಭ್ರಮ ಏನು ಹೇಳಲಿ, ಹಾಡು ನಾನೇ ಎತ್ತಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಣಿದೂ ಕುಣಿದೆ. ಮೊದಲ ತುತ್ತು ಆ ಅಕ್ಕನೇ ಉಣ್ಣಿಸಿದಳು. ಉಣ್ಣಿಸುವಾಗ ಅವಳ ಕಣ್ಣಲ್ಲಿ ನೀರು. ಇನ್ನೊಬ್ಬಳು ಬಳೆ ಸವರುತ್ತ ಅತ್ತಳು. ಅವರೆಲ್ಲ ಹೋದ ಮೇಲೆ ಮಗಳು ಕೇಳಿದಳು.

"ಎಲ್ಲರೂ ನನ್ನ ನೋಡಿ ಎಂತಕ್ಕೆ ಅಳ್ತಿದ್ರು ಅವ್ವಿ?"

"ಖುಷಿಗೆ" ಎಂದೆ.

ಆ ದಿನ ಅಂಗಳದಲ್ಲಿದ್ದ ಅಷ್ಟೂ ಜನರಿಗೆ ಗೊತ್ತಿತ್ತು. ಗೊತ್ತಿಲ್ಲದವರು ಇಬ್ಬರೇ, ಮಣೆಯ ಮೇಲೆ ಕೂತವಳು ಮತ್ತು ಕುಣಿದವಳು.

ಜುಲೈ ಮುಗಿಯುತ್ತ ಬಂದಾಗ ಒಣ ಶೆಟ್ಲಿ ತರಲಿಕ್ಕೆಂದು ಕಾರವಾರಕ್ಕೆ ಹೋಗಿದ್ದೆ. ಹಸಿ ಮೀನು ಅಷ್ಟಾಗಿ ಸಿಗದ ತಿಂಗಳಲ್ಲಿ ನಮ್ಮ ವ್ಯಾಪಾರ ಅದೇ. ಅಲ್ಲಿ ತೋಡೂರಿನ ಒಬ್ಬಳು ಗೋಣಿ ಹೊಲಿಯುತ್ತ ಕೂತಿದ್ದಳು. ಮುಖ ನೋಡಿ ಗುರುತು, ಮಗಳ ಮದುವೆಗೆ ಬಂದಿದ್ದಳು. ನನ್ನನ್ನು ನೋಡಿದವಳೇ, "ಅಳಿಯನ ಕೈ ಗಾಯ ಒಣಗ್ತನೇ ಅಕ್ಕಾ?" ಎಂದಳು.

"ಯಾವ ಕೈ?"

"ಬಲಗೈಯಲೇ. ನಮ್ಮನೆಯವರೂ ಅದೇ ಬೋಟಲ್ಲಿದ್ರು. ಬಲೆ ಎಳೆಯೂ ವಿಂಚಿನ ಹಗ್ಗಕ್ಕೆ ಸಿಕ್ಕದ್ದು ಅವರೇ ಬಿಡಿಸಿದ್ದಂತೆ. ಗೋವಾದ ಆಸ್ಪತ್ರೆಗೆ ಒಯ್ಯೂವಷ್ಟರಲ್ಲಿ..." ಅಷ್ಟು ಹೇಳಿ ನನ್ನ ಮುಖ ನೋಡಿದಳು. ದಬ್ಬಣ ಗೋಣಿಯಲ್ಲೇ ನಿಂತಿತು. "ಅಯ್ಯೋ, ನಿಂಗೆ ಗೊತ್ತಿಲ್ವನೇ?"

ಅಂಕೋಲೆಯ ಪೇಟೆಯವರಿಗೆಲ್ಲ ಬಾಯಿ ಮುಚ್ಚಿ ಎಂದು ಹೇಳಿದವರಿಗೆ ತೋಡೂರಿನವಳ ನೆನಪಾಗಿರಲಿಲ್ಲ.

ಅಳಿಯ ಅವನ ಅಣ್ಣನ ಮನೆಯಲ್ಲಿದ್ದಾನೆ ಎಂದೂ ಅವಳೇ ಹೇಳಿದಳು, ಅಲ್ಲಿಂದ ನಡೆದು ಹೋಗುವಷ್ಟು ದೂರ. ಗೋಣಿ ಅಲ್ಲೇ ಬಿಟ್ಟು ಹೋದೆ. ಅಳಿಯ ಜಗುಲಿಯಲ್ಲಿ ಕೂತು ಎಡಗೈಯಲ್ಲಿ ಅನ್ನ ಕಲಸುತ್ತಿದ್ದ. ಚಿಕ್ಕ ಮಕ್ಕಳು ಉಂಡ ಹಾಗೆ ಎದೆ ತುಂಬ ಅಗುಳು. ಬಲಗೈ ಮೊಣಕೈ ಕೆಳಗೆ ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ, ತಟ್ಟೆ ಉರುಳಿತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು, ಕಿರಕ್ ಕಿರಕ್ ಕಿರಕ್. ನನಗೆ ಅವನ ಕೈಗಿಂತ ಮೊದಲು ಆ ಸದ್ದು ಎದೆಗೆ ಹೊಕ್ಕಿತು. ನನ್ನ ಮಗಳಿಗೆ ಎರಡು ತಿಂಗಳಿನಿಂದ ಕೇಳುತ್ತಿದ್ದ ಸದ್ದು! ರತ್ನಾಗಿರಿಯಂತೆ. ಬಸ್ಸಿಗೆ ಒಂದು ತಾಸಿನ ದಾರಿಯಲ್ಲಿ ಕೂತಿದ್ದ.

"ಅವಳಿಗೆ ಹೇಳ್ಬೇಡಿ ಅತ್ತೆ" ಎಂದ. "ಮಾವ ಹೇಳಿದ್ರು, ಹೆರಿಗೆ ಆಗೂವರೆಗೆ ಸುದ್ದಿ ಕಿವಿಗೆ ಬೀಳೂದು ಬೇಡ ಅಂತ. ನಿಮಗೂ ಬೇಡ ಅಂದ್ರು."

ನಾನು ಫ್ಯಾನಿನ ಕೆಳಗೆ ಕೂತು ಅತ್ತುಬಿಟ್ಟೆ. ಅವನ ಕೈಗೆ ಅತ್ತೆನೋ ನನ್ನ ಮರ್ಯಾದೆಗೆ ಅತ್ತೆನೋ, ಬೇರೆ ಮಾಡಿ ಹೇಳಲಾರೆ.

ಮನೆಗೆ ಬಂದಾಗ ನಮ್ಮನೆಯವರು ಹಿಂದಿನ ಚಾವಡಿಯಲ್ಲಿ ಬಲೆ ಹೊಲಿಯುತ್ತಿದ್ದರು. ಮಗಳು ಒಳಗೆ ಮಲಗಿದ್ದಳು. ಗಟ್ಟಿಯಾಗಿ ಬೈಯುವ ಹಾಗೂ ಇಲ್ಲ. ಹಲ್ಲು ಕಚ್ಚಿಕೊಂಡು ಕೇಳಿದೆ, "ಮೂವತ್ತು ವರ್ಷ ನಿಮ್ಮ ಅನ್ನ ಬೇಯಿಸಿದವಳು ನಾನು. ಪೇಟೆಯ ನಾಯಿಗೂ ಗೊತ್ತು. ನಂಗೆ ಎಂತಕ್ಕೆ ಹೇಳಲಿಲ್ಲ?"

ಅವರು ಬಲೆಯಿಂದ ಕಣ್ಣೆತ್ತಲಿಲ್ಲ. "ನಿನ್ನ ಬಾಯಿ ಮೀನು ಪೇಟೆ. ನಿಂಗೆ ಹೇಳೂದೂ ಅವಳಿಗೆ ಹೇಳೂದೂ ಒಂದೇ."

"ಪೇಟೆ ಬಾಯಿ ಮುಚ್ಚಿತ್ತಲ್ಲ! ಹದಿನಾಲ್ಕು ಹೆಂಗಸರು ಮುಚ್ಚಿದ್ರಲ್ಲ!"

"ನೀನು ನಂಬಿ ಹೇಳ್ದಿದ್ರೆ ಅವಳು ನಂಬೂದಿಲ್ಲಾಗಿತ್ತು" ಎಂದರು, ಬಲೆಯ ಒಂದು ಕಣ್ಣು ಹೊಲಿದು ಮುಗಿಸಿ.

ಅಲ್ಲಿಗೆ ನನಗೆ ತಿಳಿಯಿತು. ನನ್ನಿಂದ ಸುದ್ದಿ ಮುಚ್ಚಿಟ್ಟದ್ದು ಅಷ್ಟೇ ಅಲ್ಲ. ಸುಳ್ಳನ್ನು ಮಗಳ ಹತ್ತಿರ ಒಯ್ಯಲಿಕ್ಕೆ ಬುಟ್ಟಿ ಬೇಕಿತ್ತು, ಬುಟ್ಟಿ ನಾನಾಗಿದ್ದೆ.

ಈಗ ಕೇಳಿ. ಇಷ್ಟು ಸಿಟ್ಟು ಬಂದವಳು ನೇರ ಒಳಗೆ ಹೋಗಿ ಮಗಳಿಗೆ ಹೇಳಬೇಕಿತ್ತಲ್ಲ? ಹೇಳಲಿಲ್ಲ. ಬಾಗಿಲವರೆಗೆ ಹೋದೆ. ಅವಳು ಹೊಟ್ಟೆಯ ಮೇಲೆ ಕೈ ಇಟ್ಟು ಮಲಗಿದ್ದಳು. ಬಸುರಿಯ ಕಿವಿಗೆ ಕೆಟ್ಟ ಸುದ್ದಿ ಹಾಕಬಾರದು ಎಂದು ನಮ್ಮಲ್ಲಿ ಅಜ್ಜಿ ಮುತ್ತಜ್ಜಿಯಿಂದ ಬಂದದ್ದು. ಸಾವಿನ ಸುದ್ದಿಯಾದರೆ ಊರಿಗೆ ಊರೇ ಅವಳ ಮುಂದೆ ನಗುತ್ತ ಓಡಾಡುತ್ತದೆ. ನಾನು ಮಗನನ್ನು ಹೊತ್ತಾಗ ನನ್ನ ತಮ್ಮ ಕಡಲಲ್ಲಿ ಮುಳುಗಿ ಹೋಗಿದ್ದ. ನನಗೆ ಹೇಳಿದ್ದು ತೊಟ್ಟಿಲಿಗೆ ಹಾಕಿದ ಮೇಲೆ. ಅಷ್ಟು ದಿನ "ತಮ್ಮ ಎಂತಕ್ಕೆ ಬರಲಿಲ್ಲ, ನನ್ನ ಮೇಲೆ ಸಿಟ್ಟಾ?" ಎಂದು ಅವನನ್ನೇ ಬೈಯುತ್ತ ಇದ್ದೆ. ಸತ್ತವನನ್ನು ಬೈದೆನಲ್ಲ ಎಂದು ಆಮೇಲೆ ಎಷ್ಟು ಅತ್ತರೂ ಮುಗಿಯಲಿಲ್ಲ. ಅಂಥದ್ದನ್ನು ನನ್ನ ಮಕ್ಕಳಿಗೆ ಮಾಡುವುದಿಲ್ಲ ಎಂದು ಆಗ ದೇವರ ಮುಂದೆ ಹೇಳಿಕೊಂಡವಳು ನಾನೇ. ಆದರೆ ಬಾಗಿಲಲ್ಲಿ ನಿಂತಾಗ ಆ ಮಾತು ನೆನಪಾಗಲಿಲ್ಲ, ಅಜ್ಜಿಯದ್ದೇ ನೆನಪಾಯಿತು. ಹೇಳಿ, ಅವಳಿಗೇನಾದರೂ ಆದರೆ? ಕೂಸಿಗೇನಾದರೂ ಆದರೆ?

ಹಾಗೆ ಹತ್ತೊಂಬತ್ತು ದಿನ. ಮೊದಲು ಗೊತ್ತಿಲ್ಲದೇ ಸುಳ್ಳು ಹೇಳಿದ್ದೆ, ಈಗ ಗೊತ್ತಿದ್ದು ಹೇಳಿದೆ. ಮೊದಲಿನದ್ದು ಸುಲಭ ಇತ್ತು. ಈಗ ಮಗಳ ಮುಖ ನೋಡದೇ ತಲೆ ಬಾಚುತ್ತಿದ್ದೆ, ಹಿಂದೆ ಕೂತು. ಅವಳು ಕೇಳುವುದನ್ನೂ ಬಿಟ್ಟಿದ್ದಳು.

ಕೂಸು ತಿಂಗಳು ಮೊದಲೇ ಹುಟ್ಟಿತು, ಕಾರವಾರದ ಆಸ್ಪತ್ರೆಯಲ್ಲಿ. ಹೆಣ್ಣು. ನನ್ನ ಮೊಣಕೈಯಿಂದ ಅಂಗೈವರೆಗಿನಷ್ಟೇ ಉದ್ದ. ಮೂರನೇ ದಿನ ಅಳಿಯ ಬಂದ. ಪೂರ್ತಿ ತೋಳಿನ ಅಂಗಿ, ಬಲಗಡೆಯ ತೋಳು ಖಾಲಿ ಜೋಲುತ್ತಿತ್ತು. ಮಗಳು ನೋಡಿದಳು. ನಾನು ಕೂಗು ಬೀಳುತ್ತದೆ ಎಂದು ಕೂಸನ್ನು ಅಪ್ಪಿಕೊಂಡು ನಿಂತೆ.

"ಇಷ್ಟೇಯಾ?" ಎಂದಳು.

ಅವನಿಗೆ ಅರ್ಥ ಆಗಲಿಲ್ಲ.

"ಕೈ ಹೋದದ್ದು ಇಷ್ಟೇ ಅಲ್ವಾ? ನಾನು ಮೂರು ತಿಂಗಳು ಎಂತೆಂತ ನೆನೆಸ್ದೆ ಗೊತ್ತುಂಟಾ? ರತ್ನಾಗಿರೀಲಿ ಇನ್ನೊಂದು ಸಂಸಾರ ಅಂತ ನೆನೆಸ್ದೆ. ಜೈಲು ಅಂತ ನೆನೆಸ್ದೆ. ಎಂಥದೋ ರೋಗ ಬಂದು ನನ್ನ ಹತ್ರ ಬರೂಕೆ ಹೆದರ್ತಾರೆ ಅಂತ ನೆನೆಸ್ದೆ. ದಿನಕ್ಕೊಂದು ನೆನೆಸ್ದೆ. ಕೈ ಅಂತ ಒಂದು ಮಾತು ಹೇಳಿದ್ರೆ ಒಂದು ದಿನ ಅತ್ತು ಮುಗಿಸ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿದಳು. "ನಿಂಗೆ ಯಾವಾಗಿಂದ ಗೊತ್ತು ಅವ್ವಿ?"

"ನಂಗೂ ಇವತ್ತೇ" ಎಂದೆ.

ಅಳಿಯ ನೆಲ ನೋಡಿದ.

ಕೂಸು ಬೆಳೆದದ್ದು ಹೇಗೆ ಎಂದರೆ ಯಾವಾಗಲೂ ಹೆದರಿಕೊಂಡೇ. ಒಳಗೆ ಸೌಟು ಬಿದ್ದರೆ ಕೈಕಾಲು ಸೆಟೆದು ಚೀರುತ್ತಿತ್ತು. ಎತ್ತಿಕೊಂಡರೆ ಮೈ ಮೆತ್ತಗಾಗುವುದಿಲ್ಲ, ಕೋಲು ಹಿಡಿದ ಹಾಗೆ. ಹಾಲು ಕುಡಿಯುತ್ತ ಕುಡಿಯುತ್ತ ಬೆಚ್ಚುವುದು. ಕೂತದ್ದು ತಡ, ನಡೆದದ್ದು ತಡ. ಎರಡು ವರ್ಷವಾದರೂ ಮಾತಿಲ್ಲ. ಮುಖ ಕೊಟ್ಟು ನೋಡುವುದೂ ಕಡಿಮೆ. ಗ್ರಹಣ ತಾಗಿದೆ ಎಂದರು, ಬಸುರಿಯಲ್ಲಿ ಹೊಳೆ ದಾಟಿದ್ದಾಳೆ ಎಂದರು. ನಮ್ಮನೆಯವರು "ಅವಳಪ್ಪನೂ ತಡವಾಗೇ ಮಾತಾಡಿದ್ದಂತೆ" ಎಂದು ಹೇಳಿ ದಂಡೆಗೆ ಹೋಗಿಬಿಡುತ್ತಿದ್ದರು.

ಅಂಗನವಾಡಿಯ ಟೀಚರು ಒತ್ತಾಯ ಮಾಡಿ ಡಾಕ್ಟರ ಹತ್ತಿರ ಕಳಿಸಿದರು. ಘಟ್ಟದ ಮೇಲಿನವಳು, ಚಿಕ್ಕ ಪ್ರಾಯದ ಡಾಕ್ಟರಮ್ಮ. ಕೂಸಿನ ಕಿವಿ, ಕಣ್ಣು ಎಲ್ಲ ನೋಡಿ, ಆಟಿಕೆ ಕೊಟ್ಟು ನೋಡಿ, ಆಮೇಲೆ ಕೇಳಿದಳು. "ಬಸುರಲ್ಲಿದ್ದಾಗ ತಾಯಿ ಹೇಗಿದ್ರು? ನಿದ್ದೆ ಬರ್ತಿತ್ತಾ? ಏನಾದ್ರೂ ಚಿಂತೆ ಇತ್ತಾ?"

ಮಗಳು ಎಲ್ಲ ಹೇಳಿದಳು. ಫ್ಯಾನಿನ ಸದ್ದೂ ಹೇಳಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಅವಳು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ. ಬಸುರಿಗೆ ಒಂದು ದಿನದ ಹೆದರಿಕೆಯಿಂದ, ಒಂದು ದಿನದ ಅಳುವಿನಿಂದ ಕೂಸಿಗೆ ಏನೂ ಆಗುವುದಿಲ್ಲವಂತೆ. ಹೆದರಿಕೆ ದಿನಾ ದಿನಾ ಒಳಗೇ ಕೂತರೆ ತಾಯಿಯ ಮೈಯಲ್ಲಿ ಆಗುವ ಏರುಪೇರು ಹೊಟ್ಟೆಯಲ್ಲಿದ್ದವರಿಗೂ ಮುಟ್ಟುತ್ತದಂತೆ. ಹೊರಗೆ ಏನೋ ಅಪಾಯ ಇದೆ ಅಂತ ತಯಾರಾಗಿಯೇ ಕೆಲವು ಕೂಸುಗಳು ಬರುತ್ತವಂತೆ. "ಆದ್ರೆ ಇದೊಂದೇ ಕಾರಣ ಅಂತ ನಾನು ಹೇಳೋದಿಲ್ಲ ಅಜ್ಜಿ" ಎಂದಳು. "ಬೇಗ ಹುಟ್ಟಿದ್ದು, ತೂಕ ಕಡಿಮೆ ಇದ್ದದ್ದು, ಎಲ್ಲ ಸೇರಿರ್ತದೆ. ಎಷ್ಟೋ ತಾಯಂದಿರು ಚಿಂತೆ ಮಾಡಿರ್ತಾರೆ, ಮಕ್ಕಳು ಚೆನ್ನಾಗೇ ಇರ್ತಾವೆ. ಮತ್ತೆ ಇದು ಕಲ್ಲಲ್ಲಿ ಕೊರೆದದ್ದಲ್ಲ. ಎತ್ತಿಕೊಳ್ಳಿ, ಆಡಿಸಿ, ಕಂಡದ್ದಕ್ಕೆಲ್ಲ ಹೆಸರು ಹೇಳಿ. ತಾಯಿ ಸಮಾಧಾನದಲ್ಲಿರೋ ಹಾಗೆ ನೋಡ್ಕೊಳ್ಳಿ. ಅವ್ರನ್ನ ಯಾರೂ ಬೈಬೇಡಿ."

ಮಗಳು ನನ್ನನ್ನು ನೋಡಿದಳು. ನಿನ್ನ ಸಂಶಯವೇ ಕೂಸಿಗೆ ತಾಗೂದು ಎಂದವಳನ್ನು. ಸಂಶಯ ಅವಳದ್ದಾಗಿತ್ತೇ? ಅದನ್ನು ಬಿತ್ತಿದವರು ನಾವು, ನೀರು ಹೊಯ್ದವಳು ನಾನು, ಕೊನೆಗೆ ತಪ್ಪನ್ನೂ ಅವಳ ಸೆರಗಿಗೇ ಕಟ್ಟಿದೆ.

ಮನೆಗೆ ಬಂದು ನಮ್ಮನೆಯವರಿಗೆ ಹೇಳಿದೆ. ಕೇಳಿದರು. ಆ ದಿನ ಊಟ ಮಾಡಲಿಲ್ಲ. ಮರುದಿನ ಕೂಸಿಗೆ ಎಂದು ಬಲೆಗೆ ಕಟ್ಟುವ ತೇಲುಬೆಂಡು ಸಾಲಾಗಿ ಪೋಣಿಸಿ ಒಂದು ಗಾಡಿ ಮಾಡಿಕೊಟ್ಟರು. ತಪ್ಪಾಯ್ತು ಎಂಬ ಮಾತು ಇವತ್ತಿನವರೆಗೂ ಬರಲಿಲ್ಲ. ಗಾಡಿ ಈಗಲೂ ಇದೆ.

ಡಾಕ್ಟರಮ್ಮ ಹೇಳಿದ ಕೆಲಸ ಮಾಡಿದವನು ಅಳಿಯ. ಒಂದು ಕೈಯವನನ್ನು ಬೋಟಿಗೆ ಯಾರು ಕರೆಯುತ್ತಾರೆ? ಮಗಳು ಅಳಿಯ ನಮ್ಮಲ್ಲೇ ಉಳಿದಿದ್ದರು. ಅವನು ನನ್ನ ಸಂಗಡ ಪೇಟೆಗೆ ಬರಲು ಶುರು ಮಾಡಿದ, ಕೂಸನ್ನೂ ಹೆಗಲ ಮೇಲೆ ಕೂರಿಸಿಕೊಂಡು. ಹೆಂಗಸರ ಸಾಲಿನಲ್ಲಿ ಒಬ್ಬ ಗಂಡಸು! ಮೊದಲ ದಿನ ಸಾಲಿನ ಕೊನೆಯಿಂದ ಒಬ್ಬಳು, "ಎಂತದೇ, ಅಳಿಯನ್ನೂ ಬುಟ್ಟೀಲಿ ಇಟ್ಟು ತಂದ್ಯಾ? ಕಿಲೋಕ್ಕೆ ಎಷ್ಟು?" ಎಂದಳು. ಅವನು, "ಒಂದು ಕೈ ಕಮ್ಮಿ ಉಂಟು, ರೇಟ್ ಇಳಿಸಿ ಕೊಡ್ತಾರೆ ನೋಡಿ" ಎಂದ. ಪೇಟೆಯೆಲ್ಲ ನಕ್ಕಿತು. ನಾನೂ ನಕ್ಕೆ, ಎಡಗಡೆ ಮಾತ್ರ ನೋಡಲಿಲ್ಲ.

ಆ ಅಕ್ಕನನ್ನು ಒಮ್ಮೆ ಕೇಳಿದ್ದೆ. "ನನ್ನ ಮಗಳಿಗೆ ತುತ್ತು ಇಡುವಾಗ ನಿನ್ನ ಕೈ ನಡುಗಲಿಲ್ವನೇ?" ಅವಳು ಹೇಳಿದಳು, "ನಿನ್ನ ಗಂಡ ಆಣೆ ಹಾಕಿಸಿದ್ದ. ಬಸುರಿಯ ಮೇಲೆ ಆಣೆ. ಎಂತ ಮಾಡ್ಲಿ ಹೇಳು?" ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆನೇನೋ. ಗೊತ್ತಿದ್ದೂ ಎದೆ ಒಪ್ಪುವುದಿಲ್ಲ. ಮೂವತ್ತು ವರ್ಷದ ಸಲಿಗೆಗೆ ಒಂದು ಕಣ್ಸನ್ನೆ ಸಾಕಿತ್ತು.

ಅಳಿಯ ಕೂಸಿನ ಸಂಗಡ ಎಡೆಬಿಡದೇ ಮಾತಾಡುತ್ತಿದ್ದ. "ಇದು ಬಂಗಡೆ. ಇದು ತಾರ್ಲೆ. ಇದರ ಮೀಸೆ ನೋಡು, ಇದು ಶೆಟ್ಲಿ. ಇದು ನಿನ್ನ ಅಜ್ಜಿ, ಕಚ್ಚತದೆ, ಹುಷಾರು." ಒಂದು ವರ್ಷ. ಕೂಸಿನ ಕಡೆಯಿಂದ ಒಂದು ಶಬ್ದ ಇಲ್ಲ. ಆದರೆ ಮೈ ಸಡಿಲಾಗುತ್ತ ಬಂತು. ಗಲಾಟೆಗೆ ಬೆಚ್ಚುವುದು ಕಡಿಮೆಯಾಯಿತು. ಬೆರಳು ಮಾಡಿ ತೋರಿಸತೊಡಗಿತು. ಮೀನಿನ ಕಣ್ಣು ಮುಟ್ಟಿ ನಮ್ಮ ಕಣ್ಣು ಮುಟ್ಟುತ್ತಿತ್ತು.

ಮೂರು ತುಂಬಿ ಎರಡು ವಾರವಾಗಿತ್ತು. ಸೆಪ್ಟೆಂಬರ್, ಬಂಗಡೆ ರಾಶಿ ರಾಶಿ ಬಿದ್ದ ದಿನ. ನಾನು ಕೂಗಿ ಕೂಗಿ ಗಂಟಲು ಒಣಗಿ ನೀರು ಕುಡಿಯಲಿಕ್ಕೆ ಚೊಂಬು ಎತ್ತಿದೆ. ಪಕ್ಕದಿಂದ ಕೂಗು ಬಂತು.

"ಬನ್ನೀ ಬನ್ನೀ! ಹಸೀ ಬಂಗ್ಲೇ! ಹಸೀ ಹಸೀ!"

ನನ್ನದೇ ರಾಗ. ನನ್ನ ಹಾಗೇ ಕೊನೆಗೆ ಎಳೆದು. ಬುಟ್ಟಿಯ ಹಿಂದೆ ನಿಂತು, ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡು!

ಪೇಟೆ ಗಪ್ಪಾಯಿತು. ಮತ್ತೊಮ್ಮೆ ಹಾಗೆ ಗಪ್ಪಾದದ್ದು ನಾನು ನೋಡಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಕೂಗಿದರು. ಚೊಂಬು ಬಿಟ್ಟು ಕೂಸನ್ನು ಎತ್ತಿಕೊಂಡೆ, ಮೀನಿನ ಕೈಯಲ್ಲೇ ಕೆನ್ನೆ ಹಿಡಿದೆ. ಅಳಿಯ ಇದ್ದ ಒಂದು ಕೈಯಲ್ಲಿ ಮುಖ ಮುಚ್ಚಿಕೊಂಡ. ಒಬ್ಬ ಗಿರಾಕಿ ಪಾಪ, ಏನೆಂದು ತಿಳಿಯದೇ, "ಬಂಗಡೆ ಎಷ್ಟಕ್ಕೆ?" ಎಂದ. "ಸುಮ್ನೆ ಒಯ್ಯಾ!" ಎಂದು ಆರು ಬಂಗಡೆ ಅವನ ಚೀಲಕ್ಕೆ ಸುರಿದೆ. ಆ ದಿನ ನಾನು ಮೀನು ಮಾರಲೇ ಇಲ್ಲ, ಹಂಚಿದೆ.

ಆ ಸಂತೋಷ ತಡೆಯಲಾಗದೇ ಸತ್ಯವೂ ಹೊರಗೆ ಬಂತು. ಮನೆಗೆ ಬಂದೆ. ಮಗಳು ಅಂಗಳದಲ್ಲಿ ಮೀನು ಹೆರೆಯುತ್ತಿದ್ದಳು, ಆಗ ಅವಳಿಗೆ ಮತ್ತೆ ಎರಡು ತಿಂಗಳು. ಕೂಸು ಅವಳ ಮುಂದೆಯೂ ಕೂಗಿತು. ಅವಳು ನಕ್ಕಳು, ಅತ್ತಳು. ಎಲ್ಲ ಆದ ಮೇಲೆ ಎದುರಿಗೆ ಕೂತೆ.

"ತಂಗೀ, ಆಸ್ಪತ್ರೇಲಿ ನಾನು ಸುಳ್ಳು ಹೇಳಿದೆ. ನಂಗೆ ಹತ್ತೊಂಬತ್ತು ದಿನ ಮೊದಲೇ ಗೊತ್ತಿತ್ತು."

ಅವಳ ಕತ್ತಿ ನಿಲ್ಲಲಿಲ್ಲ. "ಗೊತ್ತುಂಟು. ಇವರು ಆಗ್ಲೇ ಹೇಳಿದ್ರು, ಫ್ಯಾನಿನ ಕೆಳಗೆ ಕೂತು ನೀನು ಅತ್ತದ್ದು."

"ಮೂರು ವರ್ಷ ನೀನೂ ಮುಚ್ಚಿಟ್ಯಾ?" ನನಗೆ ನಿಜವಾಗಿ ಸಿಟ್ಟು ಬಂತು, ನಂಬುತ್ತೀರೋ ಇಲ್ಲವೋ.

"ನೀನಾಗಿ ಹೇಳ್ತೀಯಾ ಅಂತ ಕಾಯ್ದೆ" ಎಂದಳು. "ಅಣ್ಣ, ಇವರು, ಪೇಟೆ, ಎಲ್ಲರೂ ಅಪ್ಪನ ಮಾತು ಕೇಳಿದ್ರು. ನೀನು ನನ್ನ ತಲೆ ಬಾಚ್ತಿದ್ದೆ ಅವ್ವಿ. ದಿನಾ ಬಾಚ್ತಿದ್ದೆ." ಆಮೇಲೆ ಮೀನು ತೊಳೆಯುತ್ತ, "ಈ ಸಲ ಬಾಣಂತನಕ್ಕೆ ಕಾರವಾರಕ್ಕೆ ಹೋಗ್ತೆ, ಭಾವನ ಮನೆಗೆ" ಎಂದಳು.

ಎರಡನೆಯದ್ದು ಗಂಡನ ಕಡೆಯಲ್ಲೇ ಆಗುವುದು ಪದ್ಧತಿ. ಯಾರೂ ತಪ್ಪು ಹೇಳುವ ಹಾಗಿಲ್ಲ. ಆದರೆ ಅವಳು ಹೋಗುವುದು ಪದ್ಧತಿಗಲ್ಲ ಎಂದು ನನಗೂ ಅವಳಿಗೂ ಗೊತ್ತಿತ್ತು. ನಾಲ್ಕು ದಿನ ಮಾತಿಲ್ಲ. ಐದನೇ ದಿನ ನಾನೇ ಕೇಳಿದೆ, "ನೀನು ಇಲ್ಲೇ ಇರ್ಬೇಕಾದ್ರೆ ನಾನು ಎಂತ ಮಾಡ್ಬೇಕು ಹೇಳು."

ಅವಳು ಹೇಳಿದಳು. "ಹೊರಗಿಂದ ಬಂದವರು, ಅಪ್ಪನಾಗ್ಲಿ ನೀನಾಗ್ಲಿ, ಕೆಟ್ಟ ಸುದ್ದಿ ಇದ್ರೆ ಮೊದ್ಲು ಅದನ್ನ ಹೇಳ್ಬೇಕು. ಆಮೇಲೆ ಕಾಲಿಗೆ ನೀರು. ಇಲ್ಲಾದ್ರೆ ಇಲ್ಲ ಅಂತ ಹೇಳ್ಬೇಕು, ನನ್ನ ಮುಖ ನೋಡಿ."

ಆವತ್ತಿನಿಂದ ನಮ್ಮ ಅಂಗಳದಲ್ಲಿ ದಿನಾ ಸಂಜೆ ಇದೇ. ಮೊದಮೊದಲು ನಮ್ಮನೆಯವರು ಗೊಣಗಿದರು. ಈಗ ಬೇಲಿ ದಾಟುವಾಗಲೇ ಕೂಗುತ್ತಾರೆ, "ಇವತ್ತು ಬಲೆ ಹರೀತು. ಮೊಣಕಾಲು ನೋವು ಜಾಸ್ತಿ. ಮತ್ತೆಂತ ಇಲ್ಲ." ನಾನು ಹೇಳುತ್ತೇನೆ, ರೇಟು ಬಿದ್ದದ್ದು, ಪೇಟೆಯಲ್ಲಿ ಯಾರೋ ಜಾರಿ ಬಿದ್ದದ್ದು. ಒಂದು ದಿನ ಅಳಿಯನ ಅಣ್ಣನಿಗೆ ಎದೆನೋವು ಬಂದ ಸುದ್ದಿಯನ್ನೂ ಹಾಗೇ ಹೇಳಿದೆ. ಮಗಳು ಕೇಳಿದಳು, ಕೂತಳು, ಸ್ವಲ್ಪ ಅತ್ತಳು, ಎದ್ದು ಫೋನು ಮಾಡಿ ವಿಚಾರಿಸಿದಳು. ರಾತ್ರಿ ಎರಡು ಸಲ ಅನ್ನ ಹಾಕಿಸಿಕೊಂಡಳು. ಕಾರವಾರದ ಮಾತು ಮತ್ತೆ ಎತ್ತಿಲ್ಲ. ಇರುತ್ತೇನೆ ಎಂದೂ ಹೇಳಿಲ್ಲ. ಈಗ ಅವಳಿಗೆ ಐದು ತಿಂಗಳು.

ನಿನ್ನೆ ನಾನು ಬುಟ್ಟಿ ಹೊತ್ತು ಬರುವಾಗ ಮೊಮ್ಮಗಳು ಬೇಲಿಯ ಹತ್ತಿರವೇ ಕಾಯುತ್ತಿದ್ದಳು. ಎರಡೂ ಕೈ ಚಾಚಿ ನನ್ನನ್ನು ತಡೆದಳು. ಮುಖ ಗಂಭೀರ. ನನ್ನ ಕಣ್ಣನ್ನೇ ನೋಡಿ ಹೇಳಿದಳು.

"ಅಜ್ಜೀ, ನಿಲ್ಲು. ಬೆಕ್ಕು ನಿನ್ನ ಮೀನು ತಿಂತು. ಹುರಿದದ್ದು. ಎಲ್ಲಾ." ಒಂದು ಉಸಿರು ತೆಗೆದುಕೊಂಡು, "ಈಗ ಕಾಲು ತೊಳಿ" ಎಂದಳು.

ಒಳಗೆ ಮಗಳು ನಗುವುದು ಕೇಳಿಸಿತು. ಬುಟ್ಟಿ ಇಳಿಸಿ ನಾನು ಆ ಬೆಕ್ಕಿಗೆ ಬಾಯಿ ತುಂಬ ಬೈದೆ, ಕಣ್ಣೀರು ಸುರಿಯುತ್ತಲೇ ಬೈದೆ. ಆಮೇಲೆ ಕಾಲು ತೊಳೆದೆ.